ಮಾರುತಿಯ ಸೊಂಟದವರೆಗೆ ಗೋದಾವರಿ

ನಾಶಿಕದವರಿಗೆ ಮಳೆಗಾಲದ ಹೊಳೆ ಅಳೆಯಲು ಒಬ್ಬ ಮಾರುತಿ ಇದ್ದಾನೆ. ರಾಮಕುಂಡದ ಹತ್ತಿರ ಗೋದಾವರಿಯ ಘಾಟಿನಲ್ಲಿ, ಗುಡಿಯಿಲ್ಲದೆ ಬಯಲಿಗೇ ನಿಂತ ಆಳೆತ್ತರ ಮೀರಿದ ಮೂರ್ತಿ. ಎರಡು ಮುಖ ಇರುವುದರಿಂದ ದುತೋಂಡ್ಯಾ ಮಾರುತಿ ಅನ್ನುತ್ತಾರೆ. ತ್ರ್ಯಂಬಕದ ಬೆಟ್ಟಗಳ ಮೇಲೆ ಮಳೆ ಹಿಡಿದು ಗಂಗಾಪುರ ಅಣೆಕಟ್ಟಿನಿಂದ ನೀರು ಬಿಟ್ಟರೆಂದರೆ ತರಕಾರಿಯವನಿಂದ ಹಿಡಿದು ಬ್ಯಾಂಕಿನ ಕ್ಯಾಷಿಯರ್‌ವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಮಾರುತಿಗೆ ಎಲ್ಲಿಯವರೆಗೆ ಬಂತು? ಪತ್ರಿಕೆಯವರು ಕ್ಯುಸೆಕ್ ಲೆಕ್ಕ ಬರೆಯುತ್ತಾರೆ, ನಿಜ. ಆದರೆ ಮೊಣಕಾಲು, ಸೊಂಟ, ಎದೆ, ಕೊರಳು ಅಂದರೆ ಮಗುವಿಗೂ ತಿಳಿಯುತ್ತದೆ.

ಬೀದರಿನಿಂದ ಹೋದ ನನಗೆ ಇದೆಲ್ಲ ಹೊಸದು. ಪಕ್ಕದ ಮನೆಯ ಕಾಕೂ ಒಂದು ಸಂಜೆ ಕೊಡೆ ಹಿಡಿದು ಬಾಗಿಲಿಗೆ ಬಂದರು. "ಚಹಾ ಆಮೇಲೆ, ಮೊದಲು ಗಂಗೆ ನೋಡಿಕೊಂಡು ಬರೋಣ ನಡಿ." ಇಲ್ಲಿಯವರಿಗೆ ಗೋದಾವರಿಯೇ ಗಂಗೆ. ಹೋಳ್ಕರ್ ಸೇತುವೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕೆಳಗೆ ಕೆಂಪು ಕಲಸಿದ ನೀರು ಚಿಕ್ಕ ಗುಡಿಗಳ ಶಿಖರಗಳನ್ನು ಸುತ್ತಿ ಸುತ್ತಿ ಓಡುತ್ತಿತ್ತು. ಬೇಸಿಗೆಯಲ್ಲಿ ಹುಡುಗರು ಕುಣಿದಾಡುತ್ತಿದ್ದ ಮೆಟ್ಟಿಲು, ಬಟ್ಟೆ ಒಗೆಯುವ ಕಲ್ಲು, ಹೂವಿನವರ ಅಂಗಡಿ, ಯಾವುದೂ ಕಾಣಲಿಲ್ಲ. ಮಾರುತಿ ಸೊಂಟದವರೆಗೆ ಮುಳುಗಿದ್ದ. ಕಾಕೂ ಕೈಮುಗಿದು ಆ ಹೊತ್ತಿಗೇ ಗಂಡನಿಗೆ ಫೋನು ಮಾಡಿ ಸರಾಫ್ ಬಜಾರಿನ ಅಣ್ಣನಿಗೆ ಹೇಳಿ ಅಂದರು. ನೀರು ಇನ್ನೂ ಏರಿದರೆ ಬಜಾರಿನವರು ಸಾಮಾನು ಮೇಲಕ್ಕೆ ಸಾಗಿಸಬೇಕು. 2008ರ ಸೆಪ್ಟೆಂಬರಿನಲ್ಲಿ, ಮತ್ತೆ 2016ರ ಆಗಸ್ಟಿನಲ್ಲಿ ಹೊಳೆ ಹಳೆಯ ಪೇಟೆಗೆ ನುಗ್ಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಭಯ ಭಕ್ತಿ ಎರಡನ್ನೂ ಒಂದೇ ನೋಟದಲ್ಲಿ ಇಟ್ಟುಕೊಳ್ಳುವುದನ್ನು ನಾನು ಆ ಸೇತುವೆಯ ಮೇಲೆ ಕಂಡೆ.

ನಾಶಿಕದ ಇನ್ನೊಂದು ಬೆರಗು ರಸ್ತೆಯ ಕೆಳಗೆ ಹೂತಿದೆ. ಶನಿ ಚೌಕ, ತಿವಂಧಾ ಚೌಕಗಳಲ್ಲಿ ವರ್ಷವಿಡೀ ಸ್ಕೂಟರುಗಳು ಓಡಾಡುವ ನೆಲದಡಿ ಪೇಶ್ವೆ ಕಾಲದ ಕಲ್ಲುಕಟ್ಟಿನ ಹೊಂಡಗಳಿವೆ, ರಹಾಡ್ ಎಂದು ಹೆಸರು. ಹೋಳಿಯ ಐದನೆಯ ದಿನ ರಂಗಪಂಚಮಿ. ಅದಕ್ಕೆ ಮುಂಚೆ ಮಣ್ಣು ಅಗೆದು, ಮುಚ್ಚಿದ ತೊಲೆಗಳನ್ನು ತೆಗೆದು, ಹೊಂಡ ತೊಳೆದು ಪೂಜೆ ಮಾಡುತ್ತಾರೆ. ದೊಡ್ಡ ಹಂಡೆಗಳಲ್ಲಿ ಬಣ್ಣ ಕುದಿಸಿ ತುಂಬುತ್ತಾರೆ. ಒಂದೊಂದು ರಹಾಡಿಗೆ ಒಂದೊಂದು ಬಣ್ಣ. ಶನಿ ಚೌಕದ್ದು ಗುಲಾಬಿ, ತಿವಂಧಾದ್ದು ಹಳದಿ. ದಡದಿಂದ ಹಾರಿ ಬಿದ್ದಾಗ ಏಳುವ ಸದ್ದಿಗೆ ಸುತ್ತಲಿನ ಮಾಳಿಗೆಗಳಿಂದ ಜನ ಕೂಗು ಹಾಕುತ್ತಾರೆ. ಆ ಬಣ್ಣ ಸೋಪಿಗೆ ಜಗ್ಗುವುದಿಲ್ಲ. ಮರುವಾರ ಆಫೀಸಿನಲ್ಲಿ ಕಿವಿಯ ಹಿಂದೆ ಹಳದಿ ಉಳಿದವರನ್ನು ನೋಡಿ ಯಾರು ಎಲ್ಲಿ ಹಾರಿದರು ಎಂದು ಹೇಳಿಬಿಡಬಹುದು. ಹಬ್ಬ ಮುಗಿಯಿತೋ, ಹೊಂಡ ಮುಚ್ಚಿ ಮತ್ತೆ ರಸ್ತೆ. ಈ ಊರನ್ನು ತೀರ್ಥಕ್ಷೇತ್ರ ಎಂದಷ್ಟೇ ನೋಡಿ ಹೋಗುವವರ ಬಗ್ಗೆ ನನಗೆ ಮರುಕವಾಗುತ್ತದೆ.

ಭಾನುವಾರ ಬೆಳಿಗ್ಗೆ ಮಿಸಳ್. ಮೊಳಕೆ ಬಂದ ಮಡಕಿಕಾಳಿನ ಉಸಳಿಯ ಮೇಲೆ ಚಿವಡಾ, ಈರುಳ್ಳಿ, ಬಟ್ಟಲಿನಲ್ಲಿ ಬೇರೆಯಾಗಿ ಕೆಂಪು ರಸ್ಸಾ, ಜೊತೆಗೆ ಹಪ್ಪಳ, ಮೊಸರು. ಇಡೀ ಕುಟುಂಬ ಅಜ್ಜಿ ಸಮೇತ ಊರಹೊರಗಿನ ತೋಟದ ಹೋಟೆಲುಗಳಿಗೆ ಹೊರಡುತ್ತದೆ. ರಸ್ಸಾ ಎಷ್ಟು ಸಲ ಕೇಳಿದರೂ ಬಡಿಸುತ್ತಾರೆ.

ಆಮೇಲೆ ಕೆಲಸ ನನ್ನನ್ನು ಪೂರ್ವಕ್ಕೆ ತಳ್ಳಿತು. ನಾಶಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ಹಿಂದಿನ ಔರಂಗಾಬಾದಿಗೆ, ಬಸ್ಸು ಯೇವಲೆಯ ಮೇಲೆ ಹೋಗುತ್ತದೆ. ಪೈಠಣಿ ಸೀರೆಯ ಮಗ್ಗಗಳ ಊರು. ಆ ದಾರಿಯಲ್ಲಿ ಬಾಬಾಸಾಹೇಬ ಅಂಬೇಡ್ಕರರ ಬದುಕಿನ ಮೂರು ಘಟ್ಟಗಳು ಕಾಲಾನುಕ್ರಮದಲ್ಲೇ ಸಿಗುತ್ತವೆ: 1930ರ ಮಾರ್ಚ್ 2ರಂದು ಪಂಚವಟಿಯ ಕಾಳಾರಾಮ ಮಂದಿರದ ಬಾಗಿಲಲ್ಲಿ ಶುರುವಾದ ದೇವಾಲಯ ಪ್ರವೇಶದ ಸತ್ಯಾಗ್ರಹ, 1935ರಲ್ಲಿ ಹಿಂದೂವಾಗಿ ಸಾಯಲಾರೆ ಎಂದು ಅವರು ಸಾರಿದ ಯೇವಲೆ, 1950ರಲ್ಲಿ ಅವರು ಕಾಲೇಜು ತೆರೆದ ಸಂಭಾಜಿನಗರ. ತೆರೆಯದ ಬಾಗಿಲಿನಿಂದ ತಾವೇ ಕಟ್ಟಿದ ಬಾಗಿಲಿನವರೆಗಿನ ಆ ರಸ್ತೆಯಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನಾನು ನಿದ್ದೆ ಮಾಡುವುದಿಲ್ಲ.

ಸಂಭಾಜಿನಗರದಲ್ಲಿ ಇಳಿದ ಮೊದಲ ವಾರವೇ ತಿಳಿಯಿತು, ಇಲ್ಲಿಯೂ ಮಾತೆಲ್ಲ ನೀರಿನದೇ. ಪ್ರಶ್ನೆ ಮಾತ್ರ ತಿರುವುಮುರುವು. ನಳ ಯಾವತ್ತು? ನಮ್ಮ ಓಣಿಗೆ ಹಲವು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಆ ದಿನ ಮದುವೆಗೆ ಹೋಗುವವರೂ ಮನೆಯಲ್ಲಿ ಒಬ್ಬರನ್ನು ಬಿಟ್ಟು ಹೋಗುತ್ತಾರೆ. ನೆಲದಡಿಯ ತೊಟ್ಟಿ ಮೊದಲು, ಆಮೇಲೆ ಡ್ರಮ್ಮು, ಆಮೇಲೆ ಕೊಡ, ಕೊನೆಗೆ ತಂಬಿಗೆ. ಕುಡಿಯುವ ಈ ನೀರು ಬರುವುದು ಪೈಠಣದ ಜಾಯಕವಾಡಿ ಅಣೆಕಟ್ಟಿನಿಂದ, ಅಂದರೆ ನಾಶಿಕದಿಂದ ಹರಿದುಬಂದ ಅದೇ ಗೋದಾವರಿಯಿಂದ. ಸಂತ ಏಕನಾಥರ ಹೆಸರಿನಲ್ಲಿ ಜಲಾಶಯಕ್ಕೆ ನಾಥಸಾಗರ ಎನ್ನುತ್ತಾರೆ, ಹಿಡಿಯುವುದು 102 ಟಿಎಂಸಿ ಮೇಲೆ. ಅಲ್ಲಿ ಸೊಂಟ, ಎದೆ ಎಂದು ಕೇಳಿದ್ದ ನನ್ನ ಕಿವಿಗೆ ಇಲ್ಲಿ "ನಾಥಸಾಗರ ಎಷ್ಟು ಪರ್ಸೆಂಟು?" ಎಂಬುದು ಬಿತ್ತು. ಅಕ್ಟೋಬರ್ ಮಧ್ಯದ ಹೊತ್ತಿಗೆ ಅದು 65 ಪರ್ಸೆಂಟಿಗಿಂತ ಕೆಳಗಿದ್ದರೆ ಮೇಲಿನ ನಾಶಿಕ, ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟುಗಳಿಂದ ನೀರು ಬಿಡಿಸಬೇಕೆಂಬ ಲೆಕ್ಕವಿದೆ. ಜಗಳ, ಕೋರ್ಟು ಎಲ್ಲವೂ ಇವೆ. ಕಾವೇರಿಯ ವ್ಯಾಜ್ಯ ಕೇಳಿ ಬೆಳೆದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನಗೆ ಎರಡೂ ಕಡೆ ಉಂಡ ಋಣವಿದೆ. ದ್ರಾಕ್ಷಿತೋಟದ ರೈತನ ಮುಖವೂ ಗೊತ್ತು, ಖಾಲಿ ಡ್ರಮ್ಮಿನ ಮುಂದೆ ಕೂತ ನಮ್ಮ ಓಣಿಯ ವೈನಿಯ ಮುಖವೂ ಗೊತ್ತು. ಕುಡಿಯುವ ಬಾಯಿಗೆ ಮೊದಲ ಪಾಲು ಸಲ್ಲಬೇಕೆಂಬುದೇ ನನ್ನ ಮಾತು.

ಇಂಥ ಊರಿನಲ್ಲಿ ಪನಚಕ್ಕಿಯ ಮುಂದೆ ನಿಂತರೆ ಮೈ ಝುಮ್ಮೆನ್ನುತ್ತದೆ. ಬಾಬಾ ಶಾಹ ಮುಸಾಫಿರರ ದರ್ಗಾದ ಅಂಗಳ. ದೂರದ ಬೆಟ್ಟದ ಊಟೆಯಿಂದ ಮಣ್ಣಿನ ಕೊಳವೆಗಳಲ್ಲಿ ನೆಲದಡಿಯೇ ಬಂದ ನೀರು ಎತ್ತರದ ಗೋಡೆ ಏರಿ, ಅಲ್ಲಿಂದ ಕೊಳಕ್ಕೆ ಧುಮುಕುತ್ತದೆ. ಪಂಪಿಲ್ಲ, ಮೋಟಾರಿಲ್ಲ. ಹೊರಟ ಜಾಗದ ಎತ್ತರವೇ ನೀರನ್ನು ಇಲ್ಲಿ ಮತ್ತೆ ಮೇಲೆತ್ತುತ್ತದೆ. ಅದರ ರಭಸದಿಂದ ಬೀಸುಕಲ್ಲು ತಿರುಗಿ ಯಾತ್ರಿಕರಿಗೆ, ಫಕೀರರಿಗೆ ಹಿಟ್ಟು ಸಿದ್ಧವಾಗುತ್ತಿತ್ತು. ಕೊಳದ ತಳವೇ ಕೆಳಗಿನ ಹಜಾರಕ್ಕೆ ಮಾಡು, ಹಾಗಾಗಿ ಮೇ ತಿಂಗಳಲ್ಲೂ ಅಲ್ಲಿ ತಂಪು. ಈ ಜಾಣ್ಮೆಗೆ ದಾರಿ ಹಾಕಿದವನು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದನಗರದ ನಿಜಾಮಶಾಹಿಯ ಪ್ರಧಾನಿಯಾದವನು. 1610ರಲ್ಲಿ ಖಡ್ಕಿ ಎಂಬ ಹಳ್ಳಿಯಲ್ಲಿ ಈ ನಗರ ಕಟ್ಟಿ, ಬೆಟ್ಟದಿಂದ ನಹರ್ ತಂದ. ನಮ್ಮ ಬೀದರಿನ ನೌಬಾದದಲ್ಲಿ ಬಹಮನಿ ಕಾಲದ ಕಾರೇಜ್ ಇದೆಯಲ್ಲ, ಸುರಂಗ ಬಾವಿ, ಅದರ ಬಳಗವೇ ಇದು.

ಬಳಗ ಎಂದೆ, ಊರಿಗೂ ನನಗೂ ಅದೇ ಸಂಬಂಧ. ಔರಂಗಾಬಾದ್ ಎಂದು ಕರೆಸಿಕೊಳ್ಳುತ್ತಿದ್ದ ಈ ಜಿಲ್ಲೆಯೂ ಬೀದರ, ಕಲಬುರಗಿ, ರಾಯಚೂರುಗಳೂ 1956ರವರೆಗೆ ಹೈದರಾಬಾದ್ ರಾಜ್ಯದವು. ಶಾಹಗಂಜಿನ ಗಡಿಯಾರ ಗೋಪುರದ ಬಳಿ ಹಣ್ಣಿನವನು ನಮ್ಮೂರಿನ ದಖನಿಯಲ್ಲೇ "ನಕ್ಕೋ ಆಪಾ, ಇತ್ತೇಚ್ ಹೈ" ಅಂದಾಗ ನನಗೆ ಬೀದರಿನ ಚೌಬಾರಾ ಕಣ್ಣಮುಂದೆ ಬಂತು. ಸಂಜೆ ಹಳೆಯ ಓಣಿಗಳಲ್ಲಿ ತಂದೂರಿನಿಂದ ತೆಗೆದ ಹಳದಿ ನಾನ್‌ಗಳನ್ನು ಒಟ್ಟುತ್ತಾರೆ, ಪಕ್ಕದ ಡೇಗಿನಲ್ಲಿ ಕೆಂಪು ತರಿ ತೇಲುವ ಮಟನ್ ಖಲಿಯಾ. ದಿಲ್ಲಿಯಿಂದ ದೌಲತಾಬಾದಿಗೆ ರಾಜಧಾನಿ ಕಿತ್ತು ತಂದ ತುಘಲಕನ ದಂಡಿನ ಅಡಿಗೆ ಇದು ಎಂದು ಊರವರು ಹೇಳುತ್ತಾರೆ. ಇನ್ನು ವೇರೂಳ, ಅಂದರೆ ಎಲ್ಲೋರಾ, ಇಲ್ಲಿಂದ ಒಂದು ತಾಸಿನ ದಾರಿ. ಅಲ್ಲಿ ಕೈಲಾಸ ಕಡೆಸಿದ ರಾಷ್ಟ್ರಕೂಟ ಕೃಷ್ಣನ ವಂಶದ ಆಸ್ಥಾನದಲ್ಲೇ ಕವಿರಾಜಮಾರ್ಗ ಹುಟ್ಟಿತು, ಗೋದಾವರಿಯನ್ನು ಕನ್ನಡ ನಾಡಿನ ಬಡಗಣ ಎಲ್ಲೆ ಎಂದು ಗುರುತಿಸಿತು. ಆ ಎಲ್ಲೆಯ ನೀರನ್ನೇ ನಾನು ದಿನವೂ ಕೊಡಕ್ಕೆ ತುಂಬುತ್ತಿದ್ದೇನೆ.

ಒಳ್ಳೆಯ ಮಳೆಯ ವರ್ಷ ನಾಥಸಾಗರ ತುಂಬಿ ಬಾಗಿಲು ತೆರೆದರೆ ಸಂಭಾಜಿನಗರ ಪೈಠಣದ ದಾರಿ ಹಿಡಿಯುತ್ತದೆ. ನಾನೂ ವೈನಿಯ ಮನೆಯವರ ಜೊತೆ ಹೋದೆ. ಸುಟ್ಟ ಮೆಕ್ಕೆತೆನೆ, ಹೆಗಲ ಮೇಲೆ ಮಕ್ಕಳು, ನೀರಿಗೆ ಬಾಗಿನ ಬಿಡುವ ಹೆಂಗಸರು. 27 ಬಾಗಿಲುಗಳ ಕೆಳಗಿನಿಂದ ಬಿಳಿ ನೊರೆ ಎದ್ದು ನಮ್ಮ ಮುಖಗಳ ಮೇಲೆ ಕೂರುತ್ತಿತ್ತು. "ಇಷ್ಟು ನೀರು ಎಲ್ಲಿಗೆ ಹೋಗುತ್ತದೆ?" ಎಂದು ವೈನಿಯ ಮಗಳು ಕೇಳಿದಳು. ನಾಂದೇಡ ದಾಟಿ ತೆಲಂಗಾಣದ ಕಂದಕುರ್ತಿಗೆ, ಅಲ್ಲಿ ಬೀದರಿನಿಂದ ಬರುವ ನಮ್ಮ ಮಾಂಜ್ರಾ ಇದನ್ನು ಕೂಡುತ್ತದೆ ಎಂದೆ. ಅವಳು ಫೋನಿನ ನಕಾಶೆ ತೆಗೆದು, ಬೆರಳಿನಿಂದ ಎರಡು ನೀಲಿ ಗೆರೆಗಳನ್ನೂ ಹಿಂಬಾಲಿಸಿ, ಅವು ಸೇರುವ ಕಡೆ ನಿಂತು, "ಅಲ್ಲಿಗೆ ಯಾವ ಬಸ್ಸು ಹೋಗುತ್ತದೆ, ಮಾವಶಿ?" ಅಂದಳು.