ಉಬುಂಟು ಮತ್ತು ನನ್ನ ಬೋಧನಾಭ್ಯಾಸ

ಬೋಧನಾಭ್ಯಾಸಕ್ಕೆ ನನಗೆ ಹಂಚಿಕೆಯಾದದ್ದು ಟಿ. ನರಸೀಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ವಿಷಯ ಗಣಿತ, ತರಗತಿ ಒಂಬತ್ತು. ನಮ್ಮೂರು ಮೂಗೂರಿನಿಂದ ಬಸ್ಸಿನಲ್ಲಿ ದಿನವೂ ಹೋಗಿಬರುವಷ್ಟು ಹತ್ತಿರವಾದ್ದರಿಂದ ಮನೆಯಲ್ಲೇ ಉಳಿದಿದ್ದೆ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಹತ್ತು ಯಂತ್ರಗಳಿದ್ದು ಏಳು ಕೆಲಸ ಮಾಡುತ್ತಿದ್ದವು. ಏಳರಲ್ಲೂ ಇದ್ದದ್ದು ಉಬುಂಟು. ವಿಂಡೋಸ್ ಒಂದರಲ್ಲೂ ಇರಲಿಲ್ಲ.

ಸರ್ಕಾರಿ ಶಾಲೆಗಳನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಡಿ.ಎಸ್.ಇ.ಆರ್.ಟಿ.ಯ ‘ಟಾಲ್ಪ್’ ಕಾರ್ಯಕ್ರಮದಲ್ಲಿ ಪ್ರೌಢಶಾಲಾ ಶಿಕ್ಷಕರಿಗೆ ಡಯಟ್‌ಗಳಲ್ಲಿ ತರಬೇತಿ ನಡೆದದ್ದೂ ಉಬುಂಟುವಿನಲ್ಲೇ. ಪರವಾನಗಿಗೆ ದುಡ್ಡು ಕೊಡಬೇಕಿಲ್ಲ. ಒಂದು ಶಾಲೆಯವರು ಪ್ರತಿ ಮಾಡಿ ಇನ್ನೊಂದು ಶಾಲೆಗೆ ಕೊಟ್ಟರೆ ಕಳ್ಳತನವಾಗುವುದಿಲ್ಲ. ವಿಚಿತ್ರವೆನಿಸಿದ್ದು ನಮ್ಮ ಕಡೆಯ ಪರಿಸ್ಥಿತಿ. ಶಾಲೆಗಳಲ್ಲಿ ಇರುವುದು ಒಂದು, ಆ ಶಾಲೆಗಳಿಗೆ ಶಿಕ್ಷಕರಾಗಿ ಹೋಗಬೇಕಾದ ನಾವು ಕಲಿತು ಬರುವುದು ಇನ್ನೊಂದು.

ಅದೇ ಸಮಯಕ್ಕೆ ನನ್ನ ಲ್ಯಾಪ್‌ಟಾಪಿನ ಸಮಸ್ಯೆಯೂ ಎದುರಾಗಿತ್ತು. ಅಕ್ಟೋಬರ್ 14, 2025ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಣ್ಣ ಬಳಸಿ ಕೊಟ್ಟ ಯಂತ್ರ. ಅದರ ಪ್ರೊಸೆಸರ್ ಹಳೆಯದಾದ್ದರಿಂದ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ಹೊಸದು ಕೊಳ್ಳುವ ಮಾತು ಮನೆಯಲ್ಲಿ ಎತ್ತುವಂತಿರಲಿಲ್ಲ. ಶಾಲೆಯಲ್ಲಿರುವುದನ್ನೇ ಹಾಕಿಕೊಂಡರೆ ಎರಡೂ ಕೆಲಸವಾಗುತ್ತದೆಂದು ನಿರ್ಧರಿಸಿ, ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿ, ಉಬುಂಟು 24.04 ಹಾಕಿದೆ. 2024ರ ಏಪ್ರಿಲ್‌ನಲ್ಲಿ ಬಂದ ಈ ಆವೃತ್ತಿಗೆ ಐದು ವರ್ಷ ಭದ್ರತಾ ಅಪ್‌ಡೇಟು ಸಿಗುತ್ತದೆ. ಹಾಕಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಅದರೊಂದಿಗೆ ಹೊಂದಿಕೊಳ್ಳಲು ಬೋಧನಾಭ್ಯಾಸದ ಮೊದಲ ನಾಲ್ಕು ವಾರಗಳೂ ಹಿಡಿದವು.

ಮೊದಲ ರಾತ್ರಿಯೇ ವೈಫೈ ಬರಲಿಲ್ಲ. ವೈಫೈ ಬರಬೇಕಾದರೆ ಒಂದು ಡ್ರೈವರ್ ಇಳಿಸಿಕೊಳ್ಳಬೇಕು, ಅದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂದಂತೆ. ಮೊಬೈಲನ್ನು ಚಾರ್ಜರಿನ ಕೇಬಲ್ಲಿನಲ್ಲೇ ಲ್ಯಾಪ್‌ಟಾಪಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಆ ಗಂಟು ಬಿಚ್ಚುತ್ತದೆ. ಮುಂದಿನ ತಂಡದವರು ಇದನ್ನು ಬರೆದಿಟ್ಟುಕೊಳ್ಳಬಹುದು.

ಟರ್ಮಿನಲ್ ಎಂಬ ಕಪ್ಪು ಪರದೆಯ ಕಥೆ ಬೇರೆ. ಪಾಸ್‌ವರ್ಡ್ ಕೇಳುತ್ತದೆ, ಒತ್ತಿದರೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಲಿಮಣೆಯೇ ಕೆಟ್ಟಿದೆ ಅನ್ನಿಸುತ್ತದೆ. ಪಕ್ಕದಲ್ಲಿ ನೋಡುವವರಿಗೆ ಎಷ್ಟು ಅಕ್ಷರ ಎಂಬುದೂ ತಿಳಿಯಬಾರದೆಂದು ಹಾಗೆ ಮಾಡಿದ್ದಾರಂತೆ. ಸರಿಯಾದ ಕಾರಣವೇ, ಆದರೆ ಹೊಸಬನಿಗೆ ಅದನ್ನು ಹೇಳುವವರಿಲ್ಲ. ಕಂಟ್ರೋಲ್ ಒತ್ತಿ ಸಿ ಒತ್ತಿದರೆ ಬೇರೆಲ್ಲ ಕಡೆ ಪ್ರತಿಯಾಗುತ್ತದೆ. ಇಲ್ಲಿ ನಡೆಯುತ್ತಿರುವ ಕೆಲಸವೇ ನಿಂತುಹೋಗುತ್ತದೆ. ಸಿ ಡ್ರೈವ್, ಡಿ ಡ್ರೈವ್ ಇಲ್ಲ. ಎಡವಟ್ಟಾದಾಗ ಬರುವ ಸಂದೇಶಗಳು ಎರಡು ಮೂರು ಸಾಲಿನ ಇಂಗ್ಲಿಷಿನಲ್ಲಿರುತ್ತವೆ. ಮೆನುಗಳನ್ನು ಕನ್ನಡಕ್ಕೆ ಬದಲಿಸಬಹುದು. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆಗುತ್ತದೆ. ಪ್ರಿಂಟರ್ ಮಾತ್ರ ನಾಲ್ಕು ವಾರವೂ ಒಲಿಯಲಿಲ್ಲ. ಪಾಠಯೋಜನೆಗಳನ್ನು ಪಿಡಿಎಫ್ ಮಾಡಿ ನರಸೀಪುರದ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದೆ. ಪುಟಕ್ಕೆ ಇಷ್ಟು ಎಂದು ಕೊಟ್ಟ ದುಡ್ಡಿನ ಲೆಕ್ಕ ಹಾಕಿದರೆ ‘ಉಚಿತ’ ಎಂಬ ಮಾತಿಗೆ ನಗು ಬರುತ್ತದೆ.

ಇವೆಲ್ಲ ಕಿರಿಕಿರಿಗಳು, ಯಾರಾದರೂ ತೋರಿಸಿಕೊಟ್ಟರೆ ಹೋಗುವಂಥವು. ನಿಜವಾಗಿ ಕಷ್ಟಪಟ್ಟದ್ದು ಕನ್ನಡ ಬರೆಯುವಾಗ.

ನಮ್ಮಲ್ಲಿ ಬಹುತೇಕರಿಗೆ ಬೆರಳಿಗೆ ಹತ್ತಿರುವುದು ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಮೇಲೆ ಬೆಳೆದ ಕೀಲಿಮಣೆ, ‘ನುಡಿ’ಯಲ್ಲಿ ಇರುವುದು. ಅದರಲ್ಲಿ ಕೆ ಒತ್ತಿ ಎಫ್ ಒತ್ತಿದರೆ ‘ಕ್’. ಉಬುಂಟುವಿನಲ್ಲಿ ‘ಕನ್ನಡ’ ಎಂದು ಬರೀ ಒಂದು ಹೆಸರನ್ನು ಆರಿಸಿದರೆ ಸಿಗುವುದು ಇನ್‌ಸ್ಕ್ರಿಪ್ಟ್ ಎಂಬ ಬೇರೆ ಕೀಲಿಮಣೆ. ಅಲ್ಲಿ ಕೆ ಒತ್ತಿದರೆ ‘ಕ’ವೇ ಬರುತ್ತದೆ, ಮನಸ್ಸಿಗೆ ಧೈರ್ಯವಾಗುತ್ತದೆ, ಎಫ್ ಒತ್ತಿದರೆ ಅರ್ಧಾಕ್ಷರವಾಗುವ ಬದಲು ಗುಡಿಸು ಬಂದು ‘ಕಿ’ ಆಗುತ್ತದೆ. ‘ವೃತ್ತ’ ಎಂಬ ಒಂದು ಪದ ಮೂಡಿಸಲು ಹತ್ತು ನಿಮಿಷ ಹೆಣಗಿದ ಸಂಜೆಯಿದೆ. ಹುಡುಕಿದರೆ ಪಟ್ಟಿಯ ಕೆಳಗೆ ‘ಕಗಪ’ ಎಂದು ಇನ್ನೊಂದಿದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳು. ಅದನ್ನು ಹಾಕಿದಾಗ ವ್ಯಂಜನಗಳು ಸರಿಯಾದವು. ಆದರೆ ‘ಇದು’ ಎಂದು ಬರೆಯಲು ಹೋದರೆ ‘ಇ’ ಬರದೆ ಚುಕ್ಕಿಗಳ ಒಂದು ವೃತ್ತದ ಮೇಲೆ ಬರೀ ಗುಡಿಸು ಕೂತಿತು. ಪದದ ಆರಂಭದ ಸ್ವರಕ್ಕೆ ಬಲಗಡೆಯ ಆಲ್ಟ್ ಕೀಲಿಯನ್ನೂ ಒತ್ತಬೇಕು. ಐಬಸ್ ಎಂಬ ಸೌಲಭ್ಯದ ಮೂಲಕ ಕೆಜಿಪಿ ವಿನ್ಯಾಸ ಹಾಕಿಕೊಂಡ ಮೇಲೆ ಅದೂ ಬೇಕಾಗಲಿಲ್ಲ, ಬೆರಳು ತನ್ನ ಹಳೆಯ ದಾರಿಗೆ ಮರಳಿತು. ಅಂದರೆ ಪರಿಹಾರ ಮೊದಲ ದಿನದಿಂದಲೂ ಯಂತ್ರದ ಕೈಗೆಟುಕುವಲ್ಲೇ ಇತ್ತು. ‘ಕನ್ನಡ’ ಎಂಬ ಹೆಸರಿನಲ್ಲಿ ಮೂರು ನಾಲ್ಕು ಬಗೆಗಳಿವೆ, ನಿನಗೆ ಬೇಕಾದದ್ದು ಇದು ಎಂದು ಹೇಳುವ ಒಂದು ಸಾಲು ಎಲ್ಲೂ ಇರಲಿಲ್ಲ. ಹೊಸದಾಗಿ ಬಂದವನನ್ನು ಸೋಲಿಸುವುದು ಇಂಥ ಜಾಗಗಳೇ.

ಒಂದು ರಾತ್ರಿ ನನ್ನ ಸಹಪಾಠಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವಳು ಮಂಜೇಶ್ವರದ ಕಡೆಯವಳು, ಕನ್ನಡ ಮಾಧ್ಯಮದಲ್ಲೇ ಓದಿದವಳು. ಕೇಳಿಸಿಕೊಂಡು ಜೋರಾಗಿ ನಕ್ಕಳು. “ನಿಮ್ಮ ಕಾಲೇಜಿನ ವಿಂಡೋಸ್ ಕಂಡಾಗ ನನಗೂ ಹೀಗೇ ಆದದ್ದು ಮಾರಾಯ. ನಾನು ಯಾರಿಗೆ ಫೋನ್ ಮಾಡುವುದಿತ್ತು ಹೇಳು?” ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಕಲಿಸುತ್ತಿರುವುದು ಗ್ನು/ಲಿನಕ್ಸ್. ಎಸ್.ಎಸ್.ಎಲ್.ಸಿ.ಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ. ಅವಳ ಪಾಲಿಗೆ ಸಹಜವಾದ ಕಂಪ್ಯೂಟರ್ ಅದು. ಸಿ ಡ್ರೈವ್ ಎಂಬುದೇ ಅವಳಿಗೆ ಅರ್ಥವಿಲ್ಲದ ವಸ್ತು. ಮೊದಲ ಸೆಮಿಸ್ಟರಿನಲ್ಲಿ ಅವಳು ಲ್ಯಾಬಿನಲ್ಲಿ ತಡವರಿಸುತ್ತಿದ್ದುದನ್ನು ನಾವೆಲ್ಲ ಗಡಿನಾಡಿನ ಶಾಲೆಗಳ ಸೌಕರ್ಯದ ಕೊರತೆ ಎಂದು ತಿಳಿದಿದ್ದೆವು.

ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಲಿನಕ್ಸ್ ಕಷ್ಟ ಎಂದು ನಾವು ಹೇಳುವಾಗ ಅದರಲ್ಲಿ ಎಷ್ಟು ಪಾಲು ಲಿನಕ್ಸಿನದು, ಎಷ್ಟು ಪಾಲು ಮೊದಲು ಕಲಿತದ್ದನ್ನು ಬಿಡುವ ಕಷ್ಟ? ಪ್ರಿಂಟರಿನದು, ವೈಫೈಯದು ಖಂಡಿತ ಮೊದಲನೆಯ ಬಗೆ; ಅದನ್ನು ಮುಚ್ಚಿಟ್ಟು ಲಿನಕ್ಸನ್ನು ಹೊಗಳುವವರ ಮಾತು ನನಗೆ ರುಚಿಸುವುದಿಲ್ಲ. ಉಳಿದದ್ದರಲ್ಲಿ ಹೆಚ್ಚಿನದು ಎರಡನೆಯ ಬಗೆ. ನಮ್ಮ ಶಿಕ್ಷಣ ಮನೋವಿಜ್ಞಾನದ ಪತ್ರಿಕೆಯಲ್ಲಿ ಕಲಿಕಾ ವರ್ಗಾವಣೆ ಎಂಬ ಪಾಠವಿದೆ, ಧನಾತ್ಮಕ, ಋಣಾತ್ಮಕ ಎಂದು ಪರೀಕ್ಷೆಗೆ ಬರೆದಿದ್ದೇವೆ. ಎಫ್ ಕೀಲಿಯ ಮೇಲೆ ನನ್ನ ಬೆರಳು ಹೋಗುತ್ತಿದ್ದುದು ಋಣಾತ್ಮಕ ವರ್ಗಾವಣೆಗೆ ಒಳ್ಳೆಯ ಉದಾಹರಣೆ.

ಮಕ್ಕಳಲ್ಲಿ ಇದರ ಇನ್ನೊಂದು ಮುಖ ಕಂಡಿತು. ಮೂರನೆಯ ವಾರ ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪಾಠವನ್ನು ಜಿಯೋಜಿಬ್ರಾ ಬಳಸಿ ಮಾಡಿದೆ. ಐದು ‘ಇ’ಗಳ ಮಾದರಿಯ ಪಾಠಯೋಜನೆ, ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ, ಮೂವತ್ತೆಂಟು ಮಕ್ಕಳು, ಏಳು ಕಂಪ್ಯೂಟರು. ವ್ಯಾಸದ ಎರಡು ತುದಿಗಳಿಗೆ ವೃತ್ತದ ಮೇಲಿನ ಒಂದು ಬಿಂದುವನ್ನು ಸೇರಿಸಿ, ಆ ಬಿಂದುವನ್ನು ಎಳೆದಾಡಿ ನೋಡಬೇಕು. ಎಲ್ಲಿಗೆ ಎಳೆದರೂ ಕೋನ 90ರಲ್ಲೇ ನಿಲ್ಲುತ್ತದೆ. ನಾನು ಶೀರ್ಷಿಕೆ ಬರೆಯಲು ಕನ್ನಡಕ್ಕೆ ಹೋಗುವ ಗುರುತನ್ನು ಮೌಸಿನಲ್ಲಿ ಹುಡುಕುತ್ತಿದ್ದಾಗ ಮುಂದಿನ ಸಾಲಿನ ಹುಡುಗಿ ಹೇಳಿದಳು: “ಸಾರ್, ಅಷ್ಟ್ ದೂರ ಯಾಕೋಯ್ತೀರಿ? ಆ ಕಿಟ್ಕಿ ಗುರ್ತಿರೋ ಬಟನ್ನೂ ಸ್ಪೇಸ್ ಬಾರೂ ಒಟ್ಗೆ ಒತ್ತಿ ಸಾರ್.” ಒತ್ತಿದರೆ ಭಾಷೆ ಬದಲಾಯಿತು. ಆ ಮಕ್ಕಳಿಗೆ ಮರೆಯಬೇಕಾದದ್ದೇನೂ ಇರಲಿಲ್ಲ. ಅವರು ಮುಟ್ಟಿದ ಮೊದಲ ಕಂಪ್ಯೂಟರೇ ಅದು. ಬಿಂದುವನ್ನು ವ್ಯಾಸದ ತುದಿಯ ಮೇಲೇ ಕೂರಿಸಿದರೆ ಕೋನ ಏನಾಗುತ್ತದೆ ಎಂದು ಒಬ್ಬ ಹುಡುಗ ಕೇಳಿದ. ನನ್ನ ಪಾಠಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ, ಆ ಅವಧಿಯ ಉಳಿದ ಸಮಯವೆಲ್ಲ ಅದಕ್ಕೇ ಹೋಯಿತು. ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ‘ಮೌಲ್ಯಮಾಪನ ಹಂತ ಉಳಿಯಿತು’ ಎಂದು ಬರೆದು, ಅದರ ಕೆಳಗೆ ‘ಉಳಿದದ್ದು ಒಳ್ಳೆಯದಾಯಿತು’ ಎಂದೂ ಬರೆದರು.

ಈ ಲೇಖನ ಬರೆಯಲು ನನ್ನನ್ನು ಕೂರಿಸಿದ್ದು ಮಾತ್ರ ಅದೇ ಶಾಲೆಯ ಕನ್ನಡ ಮೇಷ್ಟ್ರ ಒಂದು ಸಿ.ಡಿ.

ಅವರಿಗೆ ಈ ವರ್ಷ ನಿವೃತ್ತಿ. ಮೂಗೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಹೆಂಗಸರು ಹೇಳುವ ಸೋಬಾನೆ ಪದ, ರಾಗಿ ಬೀಸುವ ಪದಗಳನ್ನು ಇಪ್ಪತ್ತು ವರ್ಷದ ಹಿಂದೆ ಕೇಳಿ ಬರೆದುಕೊಂಡು, ತಮ್ಮ ಸಂಬಳದಲ್ಲೇ ಟೈಪು ಮಾಡಿಸಿ ಇಟ್ಟಿದ್ದರು. ಹೇಳಿದವರಲ್ಲಿ ಬಹಳ ಮಂದಿ ಈಗಿಲ್ಲ. ಕೈಬರಹದ ನೋಟುಪುಸ್ತಕಗಳು ಗೆದ್ದಲಿನ ಪಾಲಾಗಿವೆ. “ನೀವು ಕಂಪ್ಯೂಟರ್ ಗೊತ್ತಿರೋರು, ಇದನ್ನೊಂದು ತೆಗೆದು ಮಕ್ಕಳಿಗೆ ತೋರ್ಸಿ ಮೇಷ್ಟ್ರೇ” ಎಂದು ಕೊಟ್ಟರು. ಪ್ರಶಿಕ್ಷಣಾರ್ಥಿಯನ್ನೂ ಅವರು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ಕಡತ ತೆರೆಯಿತು. 140 ಪುಟ. ಒಂದು ಅಕ್ಷರವೂ ಕನ್ನಡದಲ್ಲಿರಲಿಲ್ಲ. ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಒಂದು ಎ, ಆಮೇಲೆ ಬ್ರಿಟಿಷರ ಪೌಂಡಿನ ಚಿಹ್ನೆ. ‘ನ’ ಇದ್ದಲ್ಲೆಲ್ಲ ಪೌಂಡು. ಮೇಷ್ಟ್ರು ಬಹಳ ಹೊತ್ತು ಪರದೆಯನ್ನೇ ನೋಡುತ್ತ ನಿಂತರು. “ಈ ಕಂಪ್ಯೂಟ್ರಿಗೆ ಕನ್ನಡ ಬರಲ್ವ?” ಎಂದರು.

ಬರುತ್ತದೆ. ಬಾರದಿದ್ದದ್ದು ಆ ಕಡತಕ್ಕೆ. ಕಂಪ್ಯೂಟರು ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ಜಾಗವಿದೆ. ಆ ಜಾಗ ನಮ್ಮಲ್ಲಿ ಬಳಕೆಗೆ ಬರುವ ಮೊದಲು, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನಗಳಲ್ಲೇ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸಿ ಫಾಂಟುಗಳನ್ನು ಮಾಡಿದ್ದರು. ಬೇರೆ ದಾರಿಯಿಲ್ಲದ ಕಾಲದಲ್ಲಿ ಅದು ಜಾಣ ಉಪಾಯವೇ. ಕನ್ನಡದ ಎಷ್ಟೋ ಪುಸ್ತಕ, ಕಚೇರಿಯ ಎಷ್ಟೋ ಆದೇಶಗಳು ಹಾಗೆಯೇ ಅಚ್ಚಾದವು. ಆದರೆ ಹಾಗೆ ಬರೆದ ಕಡತದ ಒಳಗೆ ಇರುವುದು ಪೌಂಡಿನ ಚಿಹ್ನೆಯೇ. ಆ ಫಾಂಟು ಇರುವ ತನಕ ಅದು ‘ನ’ದ ವೇಷ ಹಾಕಿರುತ್ತದೆ. ವಿಂಡೋಸ್ ಇರುವ ಹೊಸ ಯಂತ್ರದಲ್ಲೂ ಫಾಂಟು ಇಲ್ಲದಿದ್ದರೆ ಪೌಂಡೇ ಕಾಣುತ್ತದೆ. ಲಿನಕ್ಸಿಗೆ ಬಂದದ್ದರಿಂದ ಆ ವೇಷ ನನಗೆ ಬೇಗ ಕಾಣಿಸಿತು, ಅಷ್ಟೆ.

ಹಳೆಯ ಫಾಂಟನ್ನು ಹುಡುಕಿ ಉಬುಂಟುವಿಗೆ ಹಾಕಿ ನೋಡಿದೆವು. ಪದಗಳು ಕಂಡವು, ಮೇಷ್ಟ್ರ ಮುಖ ಅರಳಿತು. ಆದರೆ ಒಂದು ಪದ ಹುಡುಕಲು ಆಗದು, ಮೊಬೈಲಿಗೆ ಕಳಿಸಿದರೆ ಮತ್ತೆ ಪೌಂಡು. ಹಾಗಾಗಿ ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದೆ. ಕನ್ನಡ ಬಳಗದವರು ಬಿಡುವಿನ ವೇಳೆಯಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುವ ಇಂಥ ಪರಿವರ್ತಕಗಳಿಲ್ಲದಿದ್ದರೆ ನಮ್ಮಂಥವರ ಗತಿ ಏನಾಗುತ್ತಿತ್ತೋ. ಬಹುಪಾಲು ಸರಿಯಾಗಿ ಬಂತು. ಕೆಲವು ಕಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು. ಹಳೆಯ ಫಾಂಟಿನಲ್ಲಿ ಅದನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ಆಮೇಲೆ ಇಡುತ್ತಾರೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು. ನಡುನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಇಸವಿ, ಟಿಪ್ಪಣಿಗಳು ಅರ್ಥವಿಲ್ಲದ ಕನ್ನಡವಾಗಿದ್ದವು.

ತಿದ್ದಲು ಮಕ್ಕಳನ್ನು ಕೂರಿಸಿಕೊಂಡೆ. ಗಣಿತದ ಪ್ರಶಿಕ್ಷಣಾರ್ಥಿ ಸೋಬಾನೆ ಪದ ತಿದ್ದಿಸುವುದಕ್ಕೆ ಯಾವ ಪಾಠಯೋಜನೆಯೂ ಇಲ್ಲ. ಮಧ್ಯಾಹ್ನದ ಬಿಸಿಯೂಟದ ನಂತರದ ಇಪ್ಪತ್ತು ನಿಮಿಷದಲ್ಲಿ ನಡೆಯಿತು. ಒಂದು ಕಡೆ ಪದ ತಪ್ಪಾಗಿದೆ ಎಂದು ನಾನು ತಿದ್ದಲು ಹೋದಾಗ ಒಬ್ಬಳು ತಡೆದಳು. ಅವರಜ್ಜಿ ಹೇಳುವುದು ಹಾಗೇ ಅಂತೆ. ಮೇಷ್ಟ್ರೂ ಹೌದೆಂದರು. ಮಾರನೆಯ ದಿನ ಅಜ್ಜಿಯಿಂದ ಸಿ.ಡಿ.ಯಲ್ಲಿ ಇಲ್ಲದ ಎರಡು ನುಡಿ ಹೆಚ್ಚಿಗೆ ಬರೆಸಿಕೊಂಡು ಬಂದಳು.

ನಮ್ಮ ಅಧ್ಯಾಪಕರಲ್ಲಿ ಒಂದು ಕೇಳಿಕೆ. ಬಿ.ಇಡ್. ಪಠ್ಯಕ್ರಮದಲ್ಲಿ ಐಸಿಟಿಯ ವಿಮರ್ಶಾತ್ಮಕ ಅರಿವು ಎಂಬ ಪತ್ರಿಕೆಯಿದೆ. ಅದರ ಪ್ರಾಯೋಗಿಕ ಅವಧಿಗಳಲ್ಲಿ ನಾವು ಮಾಡುವುದು ಸ್ಲೈಡುಗಳಿಗೆ ಬಣ್ಣ ತುಂಬುವುದು. ನಾಲ್ಕು ಅವಧಿಯನ್ನಾದರೂ ಶಾಲೆಗಳಲ್ಲಿರುವ ಉಬುಂಟುವಿಗೆ ಕೊಡಿ. ಒಂದು ಅವಧಿಯನ್ನು ಬರೀ ಕನ್ನಡ ಅಕ್ಷರ ಕಂಪ್ಯೂಟರಿನೊಳಗೆ ಹೇಗೆ ಕೂರುತ್ತದೆ ಎಂಬುದಕ್ಕೆ ಕೊಡಿ. ಯಾವ ವ್ಯವಸ್ಥೆ ಬಳಸಿದರೂ ಅದು ಬೇಕು. ನಮ್ಮ ಕಾಲೇಜಿನ ಪಾಠಯೋಜನೆಯ ಮಾದರಿ ಇಂದಿಗೂ ಹಳೆಯ ಫಾಂಟಿನಲ್ಲೇ ಇದೆ; ‘ನುಡಿ’ಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಇರುವಾಗ ಅದನ್ನು ಬದಲಿಸಲು ಒಂದು ಮಧ್ಯಾಹ್ನ ಸಾಕು. ಕಾಸರಗೋಡಿನ ಕಡೆಯಿಂದ ಬಂದ ಪ್ರಶಿಕ್ಷಣಾರ್ಥಿಗಳಿದ್ದರೆ ಆ ಅವಧಿಗಳನ್ನು ಅವರ ಕೈಗೇ ಕೊಡಬಹುದು.

ಬೋಧನಾಭ್ಯಾಸ ಮುಗಿಯುವ ಹೊತ್ತಿಗೆ 140 ಪುಟಗಳಲ್ಲಿ 52 ತಿದ್ದಿ ಮುಗಿದಿದ್ದವು. ಒಂದು ಪ್ರತಿ ಶಾಲೆಯ ಏಳೂ ಕಂಪ್ಯೂಟರಿನಲ್ಲಿದೆ, ಒಂದು ನನ್ನ ಹತ್ತಿರ. ಮೇಷ್ಟ್ರು ಮೇ ತಿಂಗಳವರೆಗೆ ಇರುತ್ತಾರೆ. ಆ ಶಾಲೆಗೆ ಹೋಗುವ ಮುಂದಿನ ತಂಡದಲ್ಲಿ ಕನ್ನಡ ವಿಷಯದವರು ಇದ್ದರೆ ನನ್ನಿಂದ ಪೆನ್‌ಡ್ರೈವ್ ತೆಗೆದುಕೊಂಡು ಹೋಗಬೇಕು. 53ನೆಯ ಪುಟದಿಂದ ಶುರು ಮಾಡಿ.