ಬೆನ್ನುಹುರಿಗೂ ಸ್ಟ್ರೋಕ್ ಆಗುತ್ತೆ

ಸ್ಟ್ರೋಕ್ ಅಂದ್ರೆ ಬಾಯಿ ಸೊಟ್ಟ, ಮಾತು ತೊದಲು, ಇದೇ ಎಲ್ಲರ ಕಣ್ಣಮುಂದೆ ಬರೋದು. ನಮ್ಮ ರೂಮ್‌ಮೇಟ್‌ನ ಅಪ್ಪನಿಗೆ ಹೋದ ವರ್ಷ ಆಗಿದ್ದೇ ಬೇರೆ. ಮಾತು ಸರಿ, ಕೈ ಸರಿ. ಎರಡೂ ಕಾಲು ಮಾತ್ರ ಅರ್ಧ ಗಂಟೆಯಲ್ಲಿ ಸೋತುಹೋದವು.

ಬೆನ್ನುಹುರಿಯ ಹಿಂಭಾಗಕ್ಕೆ ಎರಡು ರಕ್ತನಾಳ. ಮುಂದಿನ ಮೂರನೇ ಎರಡು ಭಾಗಕ್ಕೆ ಒಂದೇ ಒಂದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮೇನ್ ಲೈನಿಗೇ ಬ್ಯಾಕಪ್ ಕಡಿಮೆ! ಅದು ಬಂದ್ ಆದ್ರೆ ಅಲ್ಲಿಂದ ಕೆಳಗೆ ಚಲನೆ, ನೋವು, ಬಿಸಿ-ತಂಪಿನ ಅರಿವು ಹೋಗುತ್ತೆ. ಸ್ಪರ್ಶ ಬಹುಪಾಲು ಉಳಿಯುತ್ತೆ. ಅಂಕಲ್‌ಗೆ ಪಾದ ಮುಟ್ಟಿದ್ರೆ ಗೊತ್ತಾಗುತ್ತೆ, ಬಿಸಿನೀರು ಬಿದ್ರೆ ಸುಟ್ಟಿದ್ದು ಗೊತ್ತಾಗಲ್ಲ. ಸ್ನಾನದ ನೀರನ್ನ ಆಂಟಿ ಮೊದಲು ತಮ್ಮ ಕೈಗೆ ಹಾಕಿಕೊಂಡು ನೋಡ್ತಾರೆ.

ಮೂತ್ರದ ಹಿಡಿತವೂ ಹೋಗಿತ್ತು. ನಡೆಯೋಕಾಗದ್ದಕ್ಕಿಂತ ಅದೇ ಅವರಿಗೆ ದೊಡ್ಡ ಸಂಕಟ. ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಅದಕ್ಕೇ ಬರೀತಿದ್ದೇವೆ. ಟ್ಯೂಬ್ ಹಾಕೋದು, ಹುಣ್ಣಾಗದಂತೆ ಮಗ್ಗುಲು ಬದಲಿಸೋದು, ಎಲ್ಲ ಮಗನೇ ಕಲಿತ. ಆ ಸೆಮ್‌ನ ಅಟೆಂಡೆನ್ಸ್ ಮಾತ್ರ ಕೇಳಬೇಡಿ.

ಫಿಸಿಯೋಥೆರಪಿ ಬಿಟ್ಟಿಲ್ಲ. ಈಗ ವಾಕರ್ ಹಿಡಿದು ತುಳಸಿಕಟ್ಟೆವರೆಗೆ ಬರ್ತಾರೆ, ಹಿಡಿದುಕೊಳ್ಳೋಕೆ ಹೋದ್ರೆ ಬೇಡ ಅಂತಾರೆ. ಬಚ್ಚಲಿನ ಹೊಸ್ತಿಲೊಂದು ದಾಟೋಕಾಗಲ್ಲ. ದಸರಾ ರಜೆಗೆ ಹೋಗಿ ರ‍್ಯಾಂಪ್ ಹಾಕೋಣ ಅಂತಿದ್ದೇವೆ. ಸಿವಿಲ್‌ನವರು ಯಾರಾದ್ರೂ ಜೊತೆಗೆ ಬನ್ನಿ.