ಐದು ಅಂಕದ ಪತ್ರ

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಕಾದಿರುತ್ತಾರೆ. ನೀನು ಇಂಥ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿರುವ ಇಂಥವನು, ಇಂಥವಳು ಎಂದು ತಿಳಿದುಕೋ ಎಂದು ಪ್ರಶ್ನೆ ಶುರುವಾಗುತ್ತದೆ. ಹೆಸರು, ಊರು ಪ್ರತಿ ಸಲ ಬೇರೆ. ಬರೆಯಬೇಕಾದದ್ದು ಮಾತ್ರ ಹೆಚ್ಚುಕಡಿಮೆ ಅದೇ: ಪ್ರವಾಸಕ್ಕೆ ದುಡ್ಡು ಕೇಳಿ ಅಪ್ಪನಿಗೆ, ಅಕ್ಕನ ಮದುವೆಗೆ ಕರೆದು ಗೆಳತಿಗೆ, ಕುಡಿಯುವ ನೀರಿನ ತೊಂದರೆ ತಿಳಿಸಿ ತಹಶೀಲ್ದಾರರಿಗೆ, ರಸ್ತೆ ಕೆಟ್ಟಿದೆಯೆಂದು ಪತ್ರಿಕೆಯ ಸಂಪಾದಕರಿಗೆ. 80 ಅಂಕಗಳ ಪತ್ರಿಕೆಯಲ್ಲಿ ಇದಕ್ಕೆ 5. ಉತ್ತರ ಬರೆದವರ ಗುರುತು ಮೌಲ್ಯಮಾಪಕರಿಗೆ ಸಿಗಬಾರದು, ಅದಕ್ಕೇ ಈ ಕಟ್ಟಿದ ಹೆಸರು. ಪಿಯುಸಿಗೆ ಹೋದಮೇಲೆ ಅದೂ ಉಳಿಯುವುದಿಲ್ಲ. ಕೆಲಸಕ್ಕೆ ಅರ್ಜಿ ಬರೆಯುವಾಗ ಹೆಸರಿನ ಜಾಗದಲ್ಲಿ ಮೂರು ಎಕ್ಸ್, ವಿಳಾಸದ ಜಾಗದಲ್ಲಿ ಮೂರು ವೈ.

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಮಾಸ್ತರ. ಈ ಐದು ಅಂಕಗಳನ್ನು ಮಕ್ಕಳಿಗೆ ದಕ್ಕಿಸಿಕೊಡುವುದು ನನ್ನ ಕೆಲಸದ ದೊಡ್ಡ ಭಾಗ. ಹೊರಗಿನವರಿಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಜನವರಿ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪಾಸಿಂಗ್ ಪ್ಯಾಕೇಜ್ ಎಂಬ ಮಾತು ಓಡಾಡತೊಡಗುತ್ತದೆ. ಇಂಗ್ಲಿಷ್ ವಾಕ್ಯವೊಂದನ್ನು ತಡೆಯಿಲ್ಲದೆ ಓದಲಾಗದ ಮಕ್ಕಳನ್ನು ದಡ ಮುಟ್ಟಿಸಲು ಆಯ್ದ ಪ್ರಶ್ನೆಗಳ ಗಂಟು ಅದು: ಬಾಯಿಪಾಠದ ಪದ್ಯ, ಚಿತ್ರ ನೋಡಿ ಬರೆಯುವುದು, ವ್ಯಕ್ತಿಪರಿಚಯ, ಪತ್ರ. ಪತ್ರದಲ್ಲಿ ಬೇರೇನೂ ಬರೆಯಲಾಗದಿದ್ದರೂ ಮೇಲೆ ವಿಳಾಸ, ದಿನಾಂಕ, ಡಿಯರ್ ಫಾದರ್, ಕೆಳಗೆ ಸಹಿ ಇಷ್ಟನ್ನು ಸರಿಯಾದ ಜಾಗದಲ್ಲಿ ಇಟ್ಟ ಮಗುವಿಗೆ ಒಂದಷ್ಟು ಅಂಕ ಸಿಗುತ್ತದೆ. ಇದನ್ನು ಯಾರಾದರೂ ಹಗುರವಾಗಿ ಆಡಿದರೆ ನನಗೆ ಸಿಟ್ಟು ಬರುತ್ತದೆ. ಇಡೀ ಪತ್ರಿಕೆಯಲ್ಲಿ ಆ ಮಗುವಿಗೆ ಗೊತ್ತಿರುವ ದಾರಿ ಅದೊಂದೇ. ಆ ಒಂದು ಅಂಕದಿಂದ ಪಾಸಾಗಿ ಐಟಿಐ ಸೇರಿದ ಹುಡುಗರನ್ನು ನಾನು ಕಂಡಿದ್ದೇನೆ.

ಆದರೆ ಚೌಕಟ್ಟನ್ನೇ ಮೊದಲು ಕಲಿಸುತ್ತ ಹೋದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ಮಕ್ಕಳ ನೋಟುಬುಕ್ಕಿನಲ್ಲಿ ಅಪ್ಪನಿಗೆ ಬರೆದ ಪತ್ರಕ್ಕೂ ತಹಶೀಲ್ದಾರರಿಗೆ ಬರೆದ ಪತ್ರಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಐ ಆ್ಯಮ್ ಫೈನ್ ಹಿಯರ್, ಹೋಪ್ ಯು ಆರ್ ಆಲ್ಸೋ ಫೈನ್ ಎಂಬ ಸಾಲು ನೀರಿಲ್ಲ ಎನ್ನುವ ದೂರಿನ ತಲೆಯ ಮೇಲೂ ಬಂದು ಕೂರುತ್ತದೆ. ವಿಳಾಸ ಎಡಕ್ಕೆ ಬರಬೇಕೋ ಬಲಕ್ಕೋ ಎಂದು ಹತ್ತು ಸಲ ಕೇಳುವ ಮಕ್ಕಳು, ಪತ್ರದಲ್ಲಿ ಏನು ಹೇಳಬೇಕು ಎಂದು ಒಮ್ಮೆಯೂ ಕೇಳುವುದಿಲ್ಲ.

ರಜಾ ಚೀಟಿಯನ್ನೇ ನೋಡಿ. ಆಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಎಂಬ ವಾಕ್ಯ ಬರೆಯದೆ ಕರ್ನಾಟಕದಲ್ಲಿ ಯಾರೂ ಶಾಲೆ ಮುಗಿಸಿರಲಾರರು. ನಮ್ಮ ಕಡೆ ಜನವರಿ, ಫೆಬ್ರವರಿಯಲ್ಲಿ ಈ ಜ್ವರ ಜೋರು, ಏಕೆಂದರೆ ಆಗ ಮೆಣಸಿನಕಾಯಿ ಸುಗ್ಗಿ. ಒಂದು ವರ್ಷ ಜ್ವರದ ಚೀಟಿ ಕೊಟ್ಟ ಹುಡುಗಿಯೊಬ್ಬಳ ಬೆರಳುಗಳು ಕೆಂಪಗಿದ್ದವು. ಕೇಳಿದೆ. "ಮೆಣಸಿನಕಾಯಿ ಬಿಡಿಸಾಕ ಹೋಗಿದ್ನಿರಿ ಸರ. ಆಳು ಸಿಗಲಿಲ್ಲಂತ ಅವ್ವ ಕರ್ಕೊಂಡ ಹೋದ್ಲು" ಅಂದಳು. ಹಾಗಾದರೆ ಅದನ್ನೇ ಬರಿ ಎಂದೆ. "ಅದು ಇಂಗ್ಲಿಷ್‌ದಾಗ ಬರಂಗಿಲ್ರಿ" ಅಂದಳು. ಬಹಳ ಹೊತ್ತು ಕೂತು ಮೂರು ವಾಕ್ಯ ಬರೆದಳು. ನಮ್ಮ ಹೊಲದಲ್ಲಿ ಮೆಣಸಿನಕಾಯಿ ಕೆಂಪಾಗಿದೆ. ಅಮ್ಮ ಒಬ್ಬಳೇ. ಎರಡು ದಿನ ನಾನು ಅವಳ ಜೊತೆ ಇದ್ದೆ. ಕ್ರಿಯಾಪದಗಳು ಅಲ್ಲಲ್ಲಿ ತಪ್ಪಿದ್ದವು. ಆದರೂ ಜ್ವರದ ನೂರಾರು ಚೀಟಿಗಳಲ್ಲಿ ಇಲ್ಲದ ಒಂದು ಸಂಗತಿ ಅದರಲ್ಲಿತ್ತು. ಅದನ್ನು ಓದಿದವರು ರಜೆ ಇಲ್ಲ ಎನ್ನಲಾರರು. ಪತ್ರ ಮಾಡಬೇಕಾದ ಕೆಲಸ ಅದಲ್ಲವೆ?

ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' ಪ್ರಕಟವಾದದ್ದು 1935ರಲ್ಲಿ. ಅದರಲ್ಲಿ ಕ್ರಿಕೆಟ್ ತಂಡ ಕಟ್ಟಿದ ಮಾಲ್ಗುಡಿಯ ಹುಡುಗರು ಮದ್ರಾಸಿನ ಆಟದ ಸಾಮಾನಿನ ಅಂಗಡಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯುತ್ತಾರೆ. ಬ್ಯಾಟು, ಚೆಂಡು, ವಿಕೆಟ್ಟು ಬೇಗ ಕಳಿಸಿ, ದುಡ್ಡು ಆಮೇಲೆ ಕೊಡುತ್ತೇವೆ, ಅಂಜಬೇಡಿ ಎಂಬ ಧಾಟಿಯಲ್ಲಿ. ಅಂಗಡಿಯವರು ಅಚ್ಚುಕಟ್ಟಾದ ವ್ಯಾಪಾರಿ ಇಂಗ್ಲಿಷಿನಲ್ಲಿ ಉತ್ತರ ಕಳಿಸುತ್ತಾರೆ: ನಾಲ್ಕನೇ ಒಂದು ಪಾಲು ಮುಂಗಡ, ಉಳಿದದ್ದು ವಿಪಿಪಿಯಲ್ಲಿ, ಅಂದರೆ ಸಾಮಾನು ಟಪಾಲಿನಲ್ಲಿ ಕೈಸೇರುವಾಗ. ಹುಡುಗರಿಗೆ ಆ ಕಾಗದದ ತಲೆಬುಡ ತಿಳಿಯುವುದಿಲ್ಲ. ಇದು ಬೇರೆ ಯಾರಿಗೋ ಬರೆದದ್ದು, ತಪ್ಪಿ ನಮಗೆ ಬಂದಿದೆ ಎಂದು ವಿಚಾರಮಾಡಿ ಅದನ್ನು ವಾಪಸು ಕಳಿಸಿಬಿಡುತ್ತಾರೆ. ಪ್ರತಿ ಸಲ ಓದಿದಾಗಲೂ ನನ್ನ ಮನಸ್ಸು ಹುಡುಗರ ಕಡೆಗೇ ವಾಲುತ್ತದೆ. ಅವರ ಪತ್ರ ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಲಾರದು. ಆದರೆ ಅದನ್ನು ಓದಿದ ಅಂಗಡಿಯವನಿಗೆ ಏನು ಬೇಕು, ಯಾವಾಗ ಬೇಕು ಎಂಬುದು ಚೆನ್ನಾಗಿ ತಿಳಿಯಿತು. ಅಂಗಡಿಯವನ ಪತ್ರದಲ್ಲಿ ಒಂದು ತಪ್ಪಿಲ್ಲ, ಆದರೆ ಓದುವವರು ಮಕ್ಕಳು ಎಂಬ ಎಚ್ಚರವೂ ಇಲ್ಲ.

ಆ ಹುಡುಗರ ಪತ್ರದಲ್ಲಿ ನನಗೆ ಇನ್ನೊಂದು ಕಾಣುತ್ತದೆ. ಅವರು ಇಂಗ್ಲಿಷಿನಲ್ಲಿ ಬರೆಯಲು ಕಾರಣವಿತ್ತು. ಆ ಕಾಲದ ದೊಡ್ಡ ಅಂಗಡಿಯ ವ್ಯವಹಾರ ಇಂಗ್ಲಿಷಿನದು. ನಮ್ಮ ಪರೀಕ್ಷೆಯ ಮಗುವಿಗೆ ಆ ಕಾರಣವೇ ಇಲ್ಲ. ರಾಣೆಬೆನ್ನೂರಿನ ತಹಶೀಲ್ದಾರರಿಗೆ ನೀರಿಲ್ಲ ಎಂದು ಯಾವ ಮಗು ಇಂಗ್ಲಿಷಿನಲ್ಲಿ ಬರೆಯಬೇಕು? 1963ರ ರಾಜಭಾಷಾ ಅಧಿನಿಯಮದಿಂದ ಈಚೆಗೆ ಕನ್ನಡ ಈ ರಾಜ್ಯದ ಆಡಳಿತ ಭಾಷೆ. ಮಾನ್ಯರೇ ಎಂದು ತೊಡಗಿ ಕನ್ನಡದಲ್ಲಿ ಬರೆದ ಅರ್ಜಿಗೇ ಅಲ್ಲಿ ಬೆಲೆ. ಅಪ್ಪನಿಗಂತೂ ಕೇಳುವುದೇ ಬೇಡ. ನನ್ನ ತರಗತಿಯ ಹೆಚ್ಚಿನ ಮಕ್ಕಳ ಅಪ್ಪಂದಿರು ಇಂಗ್ಲಿಷ್ ಓದುವವರಲ್ಲ. ಓದಲಾರದ ಅಪ್ಪನಿಗೆ ಡಿಯರ್ ಫಾದರ್ ಎಂದು ಬರೆಯುವಾಗ ಕೆಲವು ಮಕ್ಕಳ ಪೆನ್ನು ತಡೆಯುವುದನ್ನು ನೋಡಿದ್ದೇನೆ. ಪ್ರಶ್ನೆ ತೆಗೆಯುವವರು ಇದನ್ನು ಯೋಚಿಸಬೇಕು. ಇಂಗ್ಲಿಷ್ ಪತ್ರ ಕನ್ನಡ ಬಾರದವರಿಗೆ ಹೋಗಲಿ. ಲೋಕದಲ್ಲಿ ಅಂಥವರಿಗೆ ಬರವಿಲ್ಲ.

ಪತ್ರ ಕಲಿಸುವ ಕ್ರಮವನ್ನು ನನಗೆ ತೋರಿಸಿಕೊಟ್ಟದ್ದು ಬಿ.ಇಡಿ. ಪಾಠವಲ್ಲ, ಚಿಕ್ಕಂದಿನಲ್ಲಿ ನಮ್ಮೂರಿಗೆ ಬರುತ್ತಿದ್ದ ಟಪಾಲಿನವರು. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದ ಮಕ್ಕಳಿಗೆ ಮುದುಕಿಯರು ಅವರ ಕೈಯಲ್ಲೇ ಕಾಗದ ಬರೆಸುತ್ತಿದ್ದರು. ಕಟ್ಟೆಯ ಮೇಲೆ ಕೂತು, ಪೆನ್ನನ್ನು ಜೇಬಿನಲ್ಲೇ ಬಿಟ್ಟು, "ಏನ ಹೇಳಬೇಕಬೇ ಯವ್ವಾ, ಹೇಳು" ಎನ್ನುತ್ತಿದ್ದರು. ಆಕೆ ಎಮ್ಮೆ ಈದದ್ದು, ಗೋಡೆ ಬಿದ್ದದ್ದು, ಸೊಸೆ ತವರಿಗೆ ಹೋದದ್ದು ಎಲ್ಲ ಹೇಳಿ ಮುಗಿಸುವವರೆಗೂ ಕೇಳುತ್ತಿದ್ದರು. "ಹಂಗಾರ ದುಡ್ಡು ಕಳಿಸು ಅಂತ ಬರೀಲೋ, ನೀನ ಬಾ ಅಂತ ಬರೀಲೋ?" ಎಂಬ ಒಂದು ಪ್ರಶ್ನೆ ಹಾಕುತ್ತಿದ್ದರು. ಅದಕ್ಕೆ ಉತ್ತರ ಬಂದಮೇಲೆಯೇ ಪೆನ್ನು ಹೊರಗೆ. ಕ್ಷೇಮ, ಆಶೀರ್ವಾದ, ವಿಳಾಸ ಎಲ್ಲ ಆಮೇಲೆ ಅವರ ಕೈಯಿಂದ ತಾನಾಗಿ ಬರುತ್ತಿದ್ದವು.

ಈಗ ನಾನೂ ಹಾಗೇ. ಪತ್ರದ ಪಾಠದ ಮೊದಲ ವಾರ ಹಲಗೆಯ ಮೇಲೆ ವಿಳಾಸ ಇರುವುದಿಲ್ಲ, ದಿನಾಂಕ ಇರುವುದಿಲ್ಲ. ಯಾರಿಗೆ, ಏನು ಬೇಕು, ಏಕೆ ಬೇಕು? ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು, ಬೆಂಚಿನ ಪಕ್ಕದವರಿಗೆ ಮನವರಿಕೆಯಾಗಬೇಕು. ಆಮೇಲೆ ಗೊತ್ತಿರುವಷ್ಟು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ. ಚೌಕಟ್ಟು ಕೊನೆಯ ಎರಡು ದಿನಗಳಲ್ಲಿ ಬರುತ್ತದೆ, ಬೇಗ ಬರುತ್ತದೆ. ಯುವರ್ಸ್ ಎಂಬಲ್ಲಿ ಹಾರಿ ಬಂದು ಕೂರುವ ಅಪಾಸ್ಟ್ರಫಿಯನ್ನು ಓಡಿಸಲು ಮಾತ್ರ ಇನ್ನೂ ಒಂದು ದಿನ ಬೇಕು.

ಕಳೆದ ವರ್ಷ ತರಗತಿಯೇ ಸೇರಿ ಒಂದು ನಿಜವಾದ ವಿಳಾಸ ಹುಡುಕಿತು. ಬ್ಯಾಡಗಿಯಂತೆ ಮೆಣಸಿನಕಾಯಿಗೆ ಹೆಸರಾದ ಇನ್ನೊಂದು ಊರು ಆಂಧ್ರದ ಗುಂಟೂರು. ಅಲ್ಲಿನ ಒಂದು ಶಾಲೆಯ ಮಕ್ಕಳಿಗೆ ಕನ್ನಡ ಬಾರದು, ನಮ್ಮವರಿಗೆ ತೆಲುಗು ಬಾರದು. ಇಂಗ್ಲಿಷ್ ಬೇಕಾಗುವುದು ಇಂಥಲ್ಲಿ. ಅವರ್ ಚಿಲ್ಲಿ ಈಸ್ ಫಾರ್ ಕಲರ್, ಯುವರ್ ಚಿಲ್ಲಿ ಈಸ್ ಫಾರ್ ಫೈರ್ ಎಂದು ಒಬ್ಬ ಹುಡುಗ ಶುರುಮಾಡಿದ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಬ್ಯಾಡಗಿ ಕಾಯಿಯ ಗುಣವನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಕೈ ಉರಿದರೆ ನೀವು ಏನು ಹಚ್ಚುತ್ತೀರಿ, ದಿನಕ್ಕೆ ಕೂಲಿ ಎಷ್ಟು, ಸುಗ್ಗಿಯಲ್ಲಿ ನಿಮಗೆ ಶಾಲೆ ತಪ್ಪುತ್ತದೆಯೇ ಎಂದು ಹುಡುಗಿಯರು ಕೇಳಿದರು. ವಿಳಾಸ ಬರೆಯುವಾಗ ಪಿನ್‌ಕೋಡಿನ ಮಾತು ಬಂತು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳ ಪದ್ಧತಿಯನ್ನು ರೂಪಿಸಿದವರು ಅಂಚೆ ಇಲಾಖೆಯ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಹೌದು. ನಮ್ಮದೂ ಗುಂಟೂರಿನದೂ 5ರಿಂದಲೇ ಶುರುವಾಗುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿದರು.

ಉತ್ತರ ಬಂದಿದೆ. ಅವರ ಇಂಗ್ಲಿಷೂ ನಮ್ಮದರ ಹಾಗೆಯೇ ಇದೆ, ಆದ್ದರಿಂದ ಎಲ್ಲರಿಗೂ ತಿಳಿಯಿತು. ಕೂಲಿಯ ಲೆಕ್ಕ ಕೊಟ್ಟಿದ್ದಾರೆ, ಶಾಲೆ ತಪ್ಪುವುದುಂಟು ಎಂದಿದ್ದಾರೆ. ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಜಾತಿ ಉಂಟಂತೆ, ಹೇಗೆ ಗುರುತಿಸುತ್ತೀರಿ ಎಂದು ಕೇಳಿದ್ದಾರೆ. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ದಪ್ಪ. ಕನ್ನಡದಲ್ಲಿ ಹೇಳಿ ಮುಗಿಸಿದ್ದಾರೆ, ಬರೆಯುವುದು ಬಾಕಿ. ಸೋಮವಾರ ಎರಡೂ ಬಗೆಯ ಕಾಯಿ ತರುತ್ತೇವೆ, ಅಳತೆಪಟ್ಟಿಯಿಂದ ಅಳೆದೇ ಬರೆಯುತ್ತೇವೆ ಎಂದು ಹಿಂದಿನ ಬೆಂಚಿನವರು ಹಟ ಹಿಡಿದಿದ್ದಾರೆ.